ಪಾಲಿಪೆಪ್ಟೈಡಿನ ಸಿಂಬೆ

ಪಾಲಿಪೆಪ್ಟೈಡ್ ಅಂದರೆ ಏನು ಅಂತ ಬೇಕಾದರೆ ನನ್ನನ್ನು ಕೇಳಿ, ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದಲು ಬರುತ್ತದೆ, ಬರೆಯುವುದು ಸ್ವಲ್ಪ ನಿಧಾನ. ಆದರೂ ಬಂಗಾರಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ, ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಂಗಸರ ಸಾಲಿನಲ್ಲಿ, ಈ ಮಾತನ್ನು ನಾಲಿಗೆ ತೊಡರದೆ ಹೇಳುವವಳು ನಾನೊಬ್ಬಳೇ. ಬರೀ ಹೆಸರು ಹೇಳುವುದಲ್ಲ, ಅದಕ್ಕೂ ಪ್ರೋಟೀನಿಗೂ ಏನು ನಂಟು, ಯಾಕೆ ಎರಡು ಹೆಸರು ಅಂತ ಬಿಡಿಸಿಯೂ ಹೇಳಬಲ್ಲೆ. ಇದು ನನ್ನ ಹೆಚ್ಚುಗಾರಿಕೆಯಲ್ಲ, ನನ್ನ ಮೊಮ್ಮಗಳದು. ಆದರೆ ಅವಳ ಹೆಚ್ಚುಗಾರಿಕೆಯಲ್ಲಿ ಅರ್ಧ ನನ್ನದು ಅಂತ ನಾನು ಹೇಳಿಕೊಂಡು ತಿರುಗಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಅಜ್ಜಿಯರು ಇನ್ನೇನು ಮಾಡುತ್ತಾರೆ ಹೇಳಿ?

ಅವಳು ನನ್ನ ಮಗನ ಮಗಳು. ವಿಜ್ಞಾನದಲ್ಲಿ ಡಿಗ್ರಿ ಮುಗಿಸಿ, ಈಗ ಕೆಜಿಎಫ್‌ನಲ್ಲಿ ಮೇಷ್ಟ್ರಾಗುವ ಓದು ಓದುತ್ತಿದ್ದಾಳೆ. ಆ ಓದಿನಲ್ಲಿ ಒಂದು ಪದ್ಧತಿ ಇದೆ. ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು, ನಿಜವಾದ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸಬೇಕು. ಕಾಲೇಜಿನ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾರೆ. ಇವಳಿಗೆ ಸಿಕ್ಕಿದ್ದು ಕೆಜಿಎಫ್‌ನಲ್ಲೇ ನಂದಿದುರ್ಗ ಗಣಿಯ ಕಡೆ, ಕಾರ್ಮಿಕರ ಲೈನು ಮನೆಗಳ ಹತ್ತಿರದ ಒಂದು ಶಾಲೆ. ಮಕ್ಕಳು ಮನೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳು ತೆಲುಗು ಎರಡೂ, ಕ್ಲಾಸಿನಲ್ಲಿ ಕನ್ನಡ. ನಮ್ಮ ಕಡೆ ಎಲ್ಲರ ಬಾಯಿಯೂ ಹಾಗೇ.

ಇವಳಿಗೆ ಮೇಷ್ಟ್ರಾಗುವ ಹುಚ್ಚು ಇಂದಿನದಲ್ಲ. ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿ ಕರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಸಗಣಿ ಹಾಕಿದ ಕರುವನ್ನು ಕ್ಲಾಸಿನಿಂದ ಆಚೆ ಕಳಿಸುತ್ತಿದ್ದಳು. ಅಂಥವಳು ಒಂದು ಸಾಯಂಕಾಲ ಕೆಜಿಎಫ್ ಕಡೆಯಿಂದ ಬರುವ ಮಾರಿಕುಪ್ಪಂ ರೈಲು ಇಳಿದು ಮನೆಗೆ ಬಂದು, ಬ್ಯಾಗು ಕೂಡ ತೆಗೆಯದೆ ಜಗಲಿಯ ಮೇಲೆ ಕುಳಿತುಬಿಟ್ಟಳು.

“ಯಾಕ್ಲೇ ಮಗಾ, ಮಕ ಇಂಗದೆ?” ಅಂದೆ.

“ಏನಿಲ್ಲ ಅಜ್ಜಿ.”

“ಏನಿಲ್ಲ ಅನ್ನೋ ಮಕ ಅಲ್ಲ ಇದು. ಏಳು.”

ಒಳಗಿನಿಂದ ನನ್ನ ಸೊಸೆ, ಅಂದರೆ ಅವಳ ತಾಯಿ, ಕೂಗಿ ಹೇಳಿದಳು: “ಅತ್ತೆ, ಮೊದ್ಲು ಅವ್ಳು ಒಂದ್ ಲೋಟ ಕಾಪಿ ಕುಡೀಲಿ. ಆಮೇಲೆ ನಿಮ್ ವಿಚಾರಣೆ ಸುರು ಮಾಡೀರಂತೆ.”

ಕಾಫಿ ಕುಡಿದ ಮೇಲೆ ಮಾತು ಬಂತು. ಆವತ್ತು ಒಂಬತ್ತನೇ ಕ್ಲಾಸಿಗೆ ಆಹಾರದ ಪಾಠ. ಅದರಲ್ಲಿ ಪ್ರೋಟೀನಿನ ವಿಷಯ ಬರುತ್ತದೆ. ಪುಸ್ತಕದಲ್ಲಿ ಇದ್ದದ್ದು ಸ್ವಲ್ಪವೇ, ಆದರೆ ಇವಳಿಗೆ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಪ್ರೋಟೀನು ಯಾವುದರಿಂದ ಆಗುತ್ತದೆ ಅಂತ ತೋರಿಸುವ ಆಸೆ. ಬಣ್ಣಬಣ್ಣದ ಮಣಿಗಳನ್ನು ದಾರಕ್ಕೆ ಪೋಣಿಸಿಕೊಂಡು ಹೋಗಿದ್ದಳು. ಒಂದೊಂದು ಮಣಿ ಒಂದೊಂದು ಅಮೈನೋ ಆಮ್ಲ, ಮಣಿಗಳ ಸರ ಪಾಲಿಪೆಪ್ಟೈಡ್, ಅದೇ ಪ್ರೋಟೀನು ಅಂದಳಂತೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಎರಡೂ ಒಂದೇ ಅಂದ್ರೆ ಎರಡು ಹೆಸರು ಯಾಕೆ ಮಿಸ್?” ಅಂತ ಕೇಳಿದಳಂತೆ. ಇವಳು ಉತ್ತರ ಹುಡುಕುವಷ್ಟರಲ್ಲಿ ಅದೇ ಹುಡುಗಿ, “ಹಂಗಾದ್ರೆ ನಮ್ಮಮ್ಮನ ಕತ್ತಲ್ಲಿರೋದೂ ಪ್ರೋಟೀನಾ ಮಿಸ್?” ಅಂದಳಂತೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಇವಳು ಮಣಿಸರ ಕೈಯಲ್ಲಿ ಹಿಡಿದುಕೊಂಡು ಗಂಟೆ ಹೊಡೆಯುವ ತನಕ ಹಾಗೇ ನಿಂತಿದ್ದಳಂತೆ.

“ಮೇಡಮ್ಮು ಬೈದ್ರಾ?”

“ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು. ಪ್ರಶ್ನೆ ಚೆನ್ನಾಗಿತ್ತು, ಉತ್ರ ಬರಬೇಕಿತ್ತು, ಇದೇ ಪಾಠ ಇನ್ನೊಂದ್ಸಲ ಮಾಡು ಅಂದ್ರು.”

“ಮಾಡು ಮತ್ತೆ.”

“ಮಾಡಲ್ಲ ಅಜ್ಜಿ. ಇನ್ ನಾನು ಕ್ಲಾಸಲ್ಲಿ ನಿಂತ್ಕಳಲ್ಲ. ಇದನ್ನ ಬಿಟ್ಬುಡ್ತೀನಿ. ಗಾರ್ಮೆಂಟ್ಸಿಗೆ ಓಗ್ತೀನಿ. ಮಿಷನ್ನು ಯಾವ್ ಪ್ರಶ್ನೇನೂ ಕೇಳಲ್ಲ.”

ಗಾರ್ಮೆಂಟ್ಸಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ, ನಮ್ಮ ಊರಿನ ಎಷ್ಟೋ ಹೆಣ್ಣುಮಕ್ಕಳು ಹೋಗುತ್ತಾರೆ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಹೆದರಿ ಹೋಗುವುದು ಬೇರೆ. ಕರುಗಳಿಗೆ ಮಗ್ಗಿ ಹೇಳಿದ ಬಾಯಿ ಒಂದು ಹುಡುಗಿಯ ಪ್ರಶ್ನೆಗೆ ಮುಚ್ಚಿಹೋಗುವುದು ನನಗೆ ಸಹಿಸಲಾಗಲಿಲ್ಲ. ಆದರೂ ಹೊರಗೆ ತೋರಿಸಲಿಲ್ಲ. ಕ್ಯಾನು ತೊಳೆದುಕೊಂಡು, “ಬಾ, ಆಲು ಕರಿಯೋ ಒತ್ತಾಯ್ತು. ಕೊಟ್ಟಿಗೇಲಿ ಕೂತ್ಕಂಡು ಅದೇನು ಅಂತ ನಂಗೇಳು. ನಂಗೆ ಅರ್ತ ಆದ್ರೆ ಆ ಐಕ್ಳಿಗೂ ಆಗ್ತದೆ,” ಅಂದೆ.

ಮನಸ್ಸಿಲ್ಲದ ಮನಸ್ಸಿನಿಂದ ಬಂದಳು. ನಾನು ಹಸುವಿನ ಕೆಚ್ಚಲು ತೊಳೆದು ಕುಳಿತೆ. ಅವಳು ಗೋಡೆಗೊರಗಿ ಹೇಳತೊಡಗಿದಳು.

“ಅಮೈನೋ ಆಮ್ಲ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಅವೆ ಅಜ್ಜಿ. ನಮ್ ಮೈಯಾಗೆ ಮುಖ್ಯವಾಗಿ ಇಪ್ಪತ್ತು ತರ. ಒಂದರ ಕೈ ಇನ್ನೊಂದು ಇಡ್ಕಂತದೆ. ಇಡ್ಕಳೋವಾಗ ಒಂದು ಕಣದಷ್ಟು ನೀರು ಆಚೆಗೆ ಬಿಟ್ಟೋಗ್ತದೆ.”

“ನೀರ್ಯಾಕೆ?”

“ಎರಡು ಕೈ ಗಟ್ಟಿಯಾಗಿ ಕೂಡ್ಬೇಕಲ್ಲ. ಆ ಕೈಯಿಂದ ಒಂಚೂರು, ಈ ಕೈಯಿಂದ ಒಂಚೂರು ಉದುರಿ ನೀರಾಗ್ತದೆ. ಅಂಗೆ ಕೂಡಿದ ಗಂಟಿಗೆ ಪೆಪ್ಟೈಡ್ ಬಂಧ ಅಂತಾರೆ. ಒಂದಕ್ಕೊಂದು, ಒಂದಕ್ಕೊಂದು ಕೂಡ್ಕಂಡು ಉದ್ದ ಬೆಳೆದ್ರೆ ಪಾಲಿಪೆಪ್ಟೈಡು. ಪಾಲಿ ಅಂದ್ರೆ ಬಹಳ ಅಂತ.”

“ಇಷ್ಟು ಸಲೀಸಾಗಿ ಏಳ್ತೀಯ! ಮತ್ತೆ ಪ್ರೋಟೀನು?”

“ಅದೇ ಅಜ್ಜಿ ನನ್ ಕಷ್ಟ. ಆ ಸರ ಬರೀ ಸರವಾಗಿದ್ರೆ ಏನೂ ಕೆಲ್ಸ ಮಾಡಲ್ಲ. ಅದು ತಿರುಚ್ಕಂಡು, ಮಡಚ್ಕಂಡು, ತನ್ನದೇ ಒಂದು ಆಕಾರಕ್ಕೆ ಬರ್ಬೇಕು. ಆಗ ಅದು ಪ್ರೋಟೀನು. ಪುಸ್ತಕದಲ್ಲಿ ಓದಿದೀನಿ, ನಂಗೊತ್ತು. ಆದ್ರೆ ಮಡಚ್ಕಂಡ್ರೆ ಏನು ವ್ಯತ್ಯಾಸ ಆಗ್ತದೆ ಅಂತ ಎಂಗೆ ತೋರಿಸ್ಲಿ? ಮಣಿಸರ ಮುದುರಿ ಅಂಗೈಲಿಟ್ರೂ ಮಣಿಸರಾನೇ.”

ಹಾಲು ಕರೆದು ಎದ್ದೆ. ಆವತ್ತಿಗೆ ಅಷ್ಟೇ.

ಮಾರನೇ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಹೊಟ್ಟೆನೋವು ಅಂದಳು. ಯಾವ ಹೊಟ್ಟೆನೋವು ಅಂತ ನನಗೆ ಗೊತ್ತಿತ್ತು. ನಾನು ನನ್ನ ಪಾಡಿಗೆ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡು ಬಂದೆ. ಅಂಗಳದಲ್ಲಿ ನಿಂತು, “ಬಾಮ್ಮ, ಒಂದ್ ಕೈ ಕೊಡು,” ಅಂದೆ. ಬಂದು ಹೊರೆ ಇಳಿಸಿದಳು. ನಾನು ತಲೆಯ ಮೇಲಿನ ಸಿಂಬೆಯನ್ನು ತೆಗೆದು, ಕೊಡವಿ, ಹೆಗಲ ಮೇಲೆ ಹಾಕಿಕೊಂಡೆ. ಸಿಂಬೆ ಅಂದರೆ ಗೊತ್ತಲ್ಲ? ಹೊರೆಯೋ ಕೊಡವೋ ತಲೆಯ ಮೇಲೆ ಅಲುಗಾಡದೆ ಕೂರಲಿ ಅಂತ ಬಟ್ಟೆಯನ್ನು ಹೊಸೆದು, ಬಳೆಯ ಹಾಗೆ ಸುತ್ತಿ ಇಟ್ಟುಕೊಳ್ಳುವುದು. ನನ್ನದು ಹಳೆಯ ಹತ್ತಿ ಸೀರೆಯ ತುಂಡು. ಬಿಚ್ಚಿದರೆ ಹೆಗಲಿಗೆ, ಸುತ್ತಿದರೆ ತಲೆಗೆ.

ಮೊಮ್ಮಗಳು ನನ್ನ ಹೆಗಲನ್ನೇ ನೋಡುತ್ತಾ ನಿಂತಳು.

“ಅಜ್ಜಿ, ಅದನ್ನ ಇನ್ನೊಂದ್ಸಲ ಸುತ್ತು.”

“ಯಾಕೆ? ಇನ್ನೊಂದೊರೆ ತರ್ಬೇಕಾ?”

“ಸುತ್ತು ಅಜ್ಜಿ!”

ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸೆದೆ. ಹೊಸೆದದ್ದನ್ನು ಬೆರಳ ಮೇಲೆ ಸುತ್ತಿದೆ. ತುದಿಯನ್ನು ಒಳಗೆ ಸಿಕ್ಕಿಸಿ ತಲೆಯ ಮೇಲೆ ಇಟ್ಟುಕೊಂಡೆ. ಅವಳು ಅಂಗಳದಲ್ಲೇ ಒಂದು ಸಲ ಎಗರಿದಳು. ಮೂಲೆಯಲ್ಲಿ ಮೇಯುತ್ತಿದ್ದ ಕೋಳಿಗಳು ಹೆದರಿ ಓಡಿದವು.

“ಬಟ್ಟೆ ಪಾಲಿಪೆಪ್ಟೈಡು ಅಜ್ಜಿ! ಸಿಂಬೆ ಪ್ರೋಟೀನು!”

“ಬಟ್ಟೇನೂ ಅದೇ, ಸಿಂಬೇನೂ ಅದೇ ಅಲ್ವೇನೇ?”

“ಅದೇ! ಒಂದು ನೂಲು ಎಚ್ಚಿಗೆ ಆಕಿಲ್ಲ, ಒಂದು ನೂಲು ತೆಗ್ದಿಲ್ಲ. ಆದ್ರೆ ಬರೀ ಬಟ್ಟೆ ತಲೆ ಮೇಲೆ ಆಕ್ಕಂಡು ಅದರ ಮೇಲೆ ಕೊಡ ಇಡು ನೋಡಾನ?”

“ಬಿದ್ದೋಗ್ತದೆ.”

“ಸುತ್ಕಂಡ್ ಮೇಲೆ?”

ಆಗ ನನಗೆ ಥಟ್ಟನೆ ಹೊಳೆಯಿತು. “ಉದ್ದಕ್ಕಿದ್ರೆ ಬಟ್ಟೆ, ಸುತ್ಕಂಡ್ರೆ ಕೆಲ್ಸ,” ಅಂದೆ. ಅವಳು ಬಂದು ನನ್ನನ್ನು ತಬ್ಬಿಕೊಂಡಳು, ಮೈಯೆಲ್ಲ ಹುಲ್ಲಿನ ಧೂಳು ಅಂತಲೂ ನೋಡದೆ. ನನ್ನ ಜೀವಕ್ಕೆ ಹಿಂದಿನ ದಿನದಿಂದ ಹಿಡಿದಿದ್ದ ಗಂಟು ಅಲ್ಲೇ ಸಡಿಲವಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ನಾನು ಬಿಡುವವಳೇ? ಒಂದೊಂದಾಗಿ ಕೇಳುತ್ತಾ ಹೋದೆ. ಭಾರ ಜಾಸ್ತಿ ಇದ್ದರೆ ನಾವು ಎರಡು ಬಟ್ಟೆ ಸೇರಿಸಿ ಒಂದೇ ಸಿಂಬೆ ಸುತ್ತುತ್ತೇವಲ್ಲ, ಹಾಗೂ ಉಂಟೇ ಅಂದೆ. ಉಂಟಂತೆ! ಕೆಲವು ಪ್ರೋಟೀನುಗಳಿಗೆ ಒಂದೇ ಸರ ಸಾಕು, ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಸರ ಸೇರಬೇಕು. ನಮ್ಮ ರಕ್ತದಲ್ಲಿ ಉಸಿರಿನ ಗಾಳಿಯನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ ನಾಲ್ಕು ಸರಗಳು ಕೂಡಿ ಆದದ್ದಂತೆ. ಅಲ್ಲೂ ಹೊರೆ ಹೊರುವ ಕೆಲಸವೇ ನೋಡಿ. ಮತ್ತೆ ನಾವು ತಿಂದ ಹುರುಳಿಕಾಳು, ಅವರೆಕಾಳು, ಕುಡಿದ ಹಾಲು? ಅದರಲ್ಲಿರುವ ಪ್ರೋಟೀನು ಹಾಗೇ ಹೋಗಿ ನಮ್ಮ ಮೈಗೆ ಅಂಟಿಕೊಳ್ಳುವುದಿಲ್ಲವಂತೆ. ಹೊಟ್ಟೆಯಲ್ಲಿ, ಕರುಳಿನಲ್ಲಿ ಅದರ ಸುತ್ತು ಬಿಚ್ಚಿ, ಸರ ತುಂಡಾಗಿ, ಮಣಿಗಳು ಬಿಡಿಬಿಡಿಯಾಗುತ್ತವೆ. ಕೂಡುವಾಗ ಬಿಟ್ಟ ನೀರನ್ನು ಬಿಚ್ಚುವಾಗ ತಿರುಗಿ ತೆಗೆದುಕೊಳ್ಳುತ್ತವೆ. ಆಮೇಲೆ ಆ ಮಣಿಗಳಿಂದ ನಮ್ಮ ಮೈ ತನಗೆ ಬೇಕಾದ ಹೊಸ ಸರ ಕಟ್ಟಿಕೊಳ್ಳುತ್ತದೆ. ಕೂದಲು, ಉಗುರು, ತೋಳಿನ ಮಾಂಸ, ಎಲ್ಲ ಹಾಗೆ ಆದದ್ದು. ಅವಳ ಸೊಂಟಕ್ಕೆ ಇಳಿದ ಜಡೆಯನ್ನು ಹಿಡಿದೆತ್ತಿ, “ಅಂಗಾದ್ರೆ ಇದರಾಗೆ ನನ್ ಉರುಳಿ ಸಾರು ಅದೆ,” ಅಂದೆ.

“ಎಣ್ಣೆ ಆಕ್ದೋಳು ನಾನು,” ಅಂದಳು ಸೊಸೆ ಒಲೆ ಮುಂದಿನಿಂದ. “ಎಸ್ರು ಬರೋದು ಮಾತ್ರ ಅತ್ತೆಗೆ.”

ಎರಡನೇ ಸಲದ ಪಾಠಕ್ಕೆ ದಿನ ಗೊತ್ತಾಯಿತು. ಪಾಠಕ್ಕೆ ಬೇಕಾದ ಸಾಮಾನಿಗೆ ಪಾಠೋಪಕರಣ ಅನ್ನುತ್ತಾರಂತೆ. ಮೊಮ್ಮಗಳು ಬಂದು, “ಅಜ್ಜಿ, ನೀನೂ ಬರ್ಬೇಕು. ನಂಗೆ ಸಿಂಬೆ ಸುತ್ತೋಕೆ ಬರಲ್ಲ. ಮೇಡಮ್ಮನ್ನ ಕೇಳಿದೀನಿ, ಎಡ್‌ಮೇಷ್ಟ್ರನ್ನೂ ಕೇಳಿದೀನಿ, ಕರ್ಕಂಡ್ ಬಾ ಅಂದವ್ರೆ,” ಅಂದಳು. ಹಾಗೆ ನಾನೇ ಒಂದು ಪಾಠೋಪಕರಣವಾದೆ. ಆವತ್ತಿನ ನನ್ನ ಸಂತೋಷ ಏನು ಹೇಳಲಿ! ಬೆಳಿಗ್ಗೆ ಬೇಗ ಹಾಲು ಕರೆದು, ಡೈರಿಗೆ ಹಾಕಿ, ತಲೆಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ಮದುವೆಗೆ ಹೊರಟವಳ ಹಾಗೆ ಹೊರಟೆ. ಸೊಸೆ ಚೀಲಕ್ಕೆ ಸಿಂಬೆ ಬಟ್ಟೆ, ಸ್ಟೀಲಿನ ಬಿಂದಿಗೆ, ಬುತ್ತಿ ಎಲ್ಲ ಹಾಕಿ ಕೊಟ್ಟಳು. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆವು. ಗಾಳಿಗೆ ಕಿವಿ ನೋಯುತ್ತದೆ ಅಂತ ನಾನು ಟವಲನ್ನು ತಲೆಗೆ ಸುತ್ತಿಕೊಂಡು ಕಿಟಕಿ ಹತ್ತಿರ ಕುಳಿತೆ. ಮೊಮ್ಮಗಳು ಮಾತ್ರ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಲೇ ಇದ್ದಳು.

“ಎದ್ರಿಕೇನಾ?”

“ಇದೂ ಕೆಟ್ರೆ ಮುಗೀತು ಅಜ್ಜಿ. ಮೂರನೇ ಸಲ ನಿಲ್ಲೋ ದೈರ್ಯ ನಂಗಿಲ್ಲ.”

“ಕೆಡಲ್ಲ. ನಾನಿಲ್ವಾ?” ಅಂದೆ. ನನಗೆ ಒಂಚೂರೂ ಅನುಮಾನ ಇರಲಿಲ್ಲ. ಚಿಕ್ಕ ವಯಸ್ಸಿನಿಂದ ಈ ವಯಸ್ಸಿನ ತನಕ ಸಿಂಬೆ ಸುತ್ತಿದ ಕೈ ಇದು.

ಕ್ಲಾಸಿನಲ್ಲಿ ಮೇಡಂ ಹಿಂದೆ ಕುಳಿತರು. ನನ್ನನ್ನು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದರು, ಪಕ್ಕದಲ್ಲಿ ನೀರು ತುಂಬಿದ ಬಿಂದಿಗೆ. ಮಕ್ಕಳೆಲ್ಲ ನನ್ನನ್ನೇ ನೋಡಿ ಗುಸುಗುಸು ಅಂದರು. ಮೊಮ್ಮಗಳು ಅದೇ ಹಳೆಯ ಮಣಿಸರವನ್ನೇ ಮೇಲಕ್ಕೆ ಎತ್ತಿ ಹಿಡಿದಳು.

“ಹೋದ ಸಲ ಒಂದು ಪ್ರಶ್ನೆ ಬಂತು. ಎರಡು ಹೆಸರು ಯಾಕೆ ಅಂತ. ನಾನು ಉತ್ತರ ಕೊಡಲಿಲ್ಲ. ಇವತ್ತು ಕೊಡ್ತೀನಿ. ಇದು ಪಾಲಿಪೆಪ್ಟೈಡ್. ಇದಿನ್ನೂ ಪ್ರೋಟೀನ್ ಅಲ್ಲ. ಯಾಕೆ ಅಲ್ಲ ಅಂತ ನಮ್ಮಜ್ಜಿ ತೋರಿಸ್ತಾರೆ.”

ಎದ್ದೆ. ಚೀಲಕ್ಕೆ ಕೈ ಹಾಕಿ ಬಟ್ಟೆ ಎಳೆದೆ. ಎಳೆದರೆ ನನ್ನ ಹತ್ತಿ ಬಟ್ಟೆ ಅಲ್ಲ! ಸೊಸೆಯ ನೈಲಾನ್ ಸೀರೆ, ಇಸ್ತ್ರಿ ಮಾಡಿ ನಾಲ್ಕಾಗಿ ಮಡಚಿದ್ದು, ನೀಲಿ ಹೂವಿನದು. ಶಾಲೆಗೆ, ಅದೂ ಮೇಡಂ ಮುಂದೆ, ಹುಲ್ಲಿನ ಹೊರೆಯ ಹರಕು ಬಟ್ಟೆ ತೆಗೆದುಕೊಂಡು ಹೋಗುತ್ತಾರಾ ಅಂತ ಅವಳು ಬದಲಾಯಿಸಿಬಿಟ್ಟಿದ್ದಳು. ನಮ್ಮ ಹೆಂಗಸರ ಬುದ್ಧಿಯೇ ಹಾಗೆ. ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆಗೆ ಒಳ್ಳೆಯದನ್ನೇ ಕಳಿಸಬೇಕು, ಕೆಲಸಕ್ಕೆ ಬಂದರೂ ಸರಿ, ಬಾರದಿದ್ದರೂ ಸರಿ.

ನಿಂತ ಮೇಲೆ ಹಿಂದೆ ಸರಿಯುವುದೇ? ಸೀರೆಯೇ ತಾನೆ ಅಂತ ಹೊಸೆದೆ. ಹೊಸೆದದ್ದು ಬಿಚ್ಚಿಕೊಂಡಿತು. ಇನ್ನಷ್ಟು ಬಿಗಿಯಾಗಿ ಹೊಸೆದು, ಸುತ್ತಿ, ತುದಿ ಸಿಕ್ಕಿಸಿ ತಲೆಯ ಮೇಲೆ ಇಟ್ಟೆ. ಇಬ್ಬರು ಹುಡುಗಿಯರು ಬಿಂದಿಗೆ ಎತ್ತಿಕೊಟ್ಟರು. ಒಂದು ಹೆಜ್ಜೆ ಹಾಕಿದ್ದೇ ತಡ, ತಲೆಯ ಮೇಲೆ ಸಿಂಬೆ ಹಾವಿನ ಹಾಗೆ ಹರಿದಾಡಿತು. ಬಿಂದಿಗೆ ವಾಲಿತು. ನೀರು ನನ್ನ ಮೇಲೆ, ಮುಂದಿನ ಬೆಂಚಿನ ಮೇಲೆ, ಮೊಮ್ಮಗಳ ಸೀರೆಯ ಮೇಲೆ. ಬಿಂದಿಗೆ ಠಣಠಣ ಅನ್ನುತ್ತಾ ಮೇಡಂ ಕಾಲಿನ ತನಕ ಉರುಳಿಕೊಂಡು ಹೋಯಿತು.

ಕ್ಲಾಸು ನಕ್ಕಿತು ಅಂದರೆ ಸಾಲದು. ಡೆಸ್ಕು ಬಡಿದು ನಕ್ಕಿತು. ನಾನು ಕಣ್ಣಿಗೆ ಬಿದ್ದ ನೀರು ಒರೆಸಿಕೊಂಡು ಮೊಮ್ಮಗಳ ಕಡೆ ನೋಡಿದೆ. ಅವಳು ಮಣಿಸರ ಹಿಡಿದು ಗರಬಡಿದವಳ ಹಾಗೆ ನಿಂತಿದ್ದಳು. ಅವಳು ಹೇಳಿದ್ದ ಆ ಹಿಂದಿನ ದಿನವೇ ತಿರುಗಿ ಬಂದಿದೆ ಅನ್ನಿಸಿತು. “ಮಾತಾಡು, ಮಾತಾಡೇ,” ಅಂತ ಒಳಗೊಳಗೇ ಅಂದುಕೊಂಡೆ. ಹೊರಗೆ ಒಂದು ಮಾತೂ ಆಡಲಿಲ್ಲ. ಅದು ಅವಳ ಕ್ಲಾಸು.

ಅವಳು ಬಗ್ಗಿದಳು. ನೆಲದ ಮೇಲೆ ಬಿದ್ದಿದ್ದ ಒದ್ದೆ ಸೀರೆಯನ್ನು ಎತ್ತಿ ಹಿಂಡಿದಳು. ನಗು ನಿಲ್ಲುವ ತನಕ ಕಾದಳು. ಆಮೇಲೆ ಬಹಳ ನಿಧಾನವಾಗಿ ಕೇಳಿದಳು.

“ನಮ್ಮಜ್ಜಿಗೆ ಸುತ್ತೋಕೆ ಬರಲ್ವಾ?”

“ಬರುತ್ತೆ ಮಿಸ್!”

“ಸೀರೆ ಉದ್ದ ಸಾಲದಾ?”

“ಸಾಕು ಮಿಸ್!”

“ಮತ್ತೆ ಯಾಕೆ ಬಿತ್ತು? ಯಾರಾದರೂ ಬಂದು ಮುಟ್ಟಿ ನೋಡಿ.”

ಎದ್ದು ಬಂದವಳು ಅದೇ ಕಿಟಕಿ ಪಕ್ಕದ ಹುಡುಗಿ. ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕಳು. “ಇದು ಜಾರುತ್ತೆ ಮಿಸ್. ಇದರಲ್ಲಿ ಸುಮ್ಮಾಡು ನಿಲ್ಲಲ್ಲ. ನಮ್ ಪಾಟಿ ಹತ್ತಿ ಬಟ್ಟೇಲೇ ಸುತ್ತೋದು.” ಪಾಟಿ ಅಂದರೆ ಅಜ್ಜಿ, ಸುಮ್ಮಾಡು ಅಂದರೆ ಅವರ ತಮಿಳಿನಲ್ಲಿ ಸಿಂಬೆ. ಲೈನು ಮನೆಗಳಲ್ಲಿ ನೀರು ಹೊತ್ತವರ ಮೊಮ್ಮಗಳಲ್ಲವೇ, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

“ಸರಿಯಾಗಿ ಹೇಳಿದೆ!” ಅಂದಳು ನನ್ನ ಮೊಮ್ಮಗಳು. ಅವಳ ದನಿ ಏರಿತು ನೋಡಿ, ಕ್ಲಾಸಿನ ಗೋಡೆಗೆ ಬಡಿದು ಬರುವ ಹಾಗೆ. “ಉದ್ದ ಸಾಕಷ್ಟಿದೆ. ಸುತ್ತುವ ಕೈ ಅದೇ. ಆದರೆ ಯಾವುದರಿಂದ ಮಾಡಿದೆ ಅನ್ನೋದು ಬದಲಾಯ್ತು, ಸುತ್ತು ನಿಲ್ಲಲಿಲ್ಲ. ಪಾಲಿಪೆಪ್ಟೈಡಲ್ಲೂ ಇದೇ ಕತೆ. ಯಾವ ಮಣಿ ಆದ ಮೇಲೆ ಯಾವ ಮಣಿ ಇದೆ ಅನ್ನೋದರ ಮೇಲೆ ಅದು ಹೇಗೆ ಮಡಚಿಕೊಳ್ಳುತ್ತೆ ಅನ್ನೋದು ನಿಂತಿದೆ. ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ ಒಂದೇ ಒಂದು ಮಣಿ ಬದಲಾದರೂ ಸಾಕು, ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿಬಿಡಬಹುದು. ಅದೊಂದು ಕಾಯಿಲೆ.”

ಅಷ್ಟು ಹೇಳಿ, ಇನ್ನೊಂದು ಸಲ ಸುತ್ತು ಅನ್ನುವ ಹಾಗೆ ನನ್ನ ಕಡೆ ನೋಡಿದಳು. ನಾನು ಹೆಗಲ ಮೇಲಿದ್ದ ಟವಲು ತೆಗೆದೆ. ರೈಲಿನಲ್ಲಿ ಕಿವಿಗೆ ಸುತ್ತಿಕೊಂಡಿದ್ದೆನಲ್ಲ, ಅದೇ, ಅಪ್ಪಟ ಹತ್ತಿ. ಒದ್ದೆಯಾಗಿ ಇನ್ನೂ ಒಳ್ಳೆಯ ಹಿಡಿತ ಬಂದಿತ್ತು. ಹೊಸೆದು, ಸುತ್ತಿ, ಸಿಕ್ಕಿಸಿ ಇಟ್ಟೆ. ಮಕ್ಕಳು ಓಡಿಹೋಗಿ ಬಿಂದಿಗೆ ತುಂಬಿಸಿಕೊಂಡು ಬಂದರು. ತಲೆಯ ಮೇಲೆ ಹೊತ್ತು, ಎರಡೂ ಕೈ ಬಿಟ್ಟು, ಬೆಂಚುಗಳ ನಡುವೆ ಆ ಕೊನೆಗೆ ಹೋಗಿ ಈ ಕೊನೆಗೆ ಬಂದೆ. ಒಂದು ಹನಿ ಚೆಲ್ಲಲಿಲ್ಲ. ಮೇಡಂ ಎದ್ದು ದಾರಿ ಬಿಟ್ಟರು. ಮಕ್ಕಳು ಶಿಳ್ಳೆ ಹೊಡೆದರು. ನನಗೆ ಆಗ ಎಷ್ಟು ಜಂಬ ಬಂತು ಅಂದರೆ, ಬೇಕು ಅಂದಿದ್ದರೆ ಬಂಗಾರಪೇಟೆಯ ತನಕ ಹಾಗೇ ನಡೆದುಬಿಡುತ್ತಿದ್ದೆ.

ಆಮೇಲೆ ಅವಳು ನನ್ನ ತಲೆಯಿಂದ ಸಿಂಬೆ ತೆಗೆದು ಎಲ್ಲರ ಮುಂದೆ ಬಿಚ್ಚಿದಳು. “ಬಿಸಿ ತಾಗಿದರೆ, ಹುಳಿ ತಾಗಿದರೆ ಪ್ರೋಟೀನಿನ ಸುತ್ತು ಹೀಗೆ ಬಿಚ್ಚಿಕೊಳ್ಳುತ್ತೆ. ಮೊಟ್ಟೆ ಬೇಯಿಸಿದಾಗ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತಲ್ಲ, ಅಲ್ಲಿ ಆಗೋದು ಇದು. ಸುತ್ತು ಬಿಚ್ಚಿದ ಸರಗಳು ಒಂದಕ್ಕೊಂದು ಸಿಕ್ಕಿಕೊಳ್ತವೆ. ಸುತ್ತು ಹೋಯ್ತು. ಸರ ಹೋಯ್ತಾ?”

“ಇಲ್ಲ ಮಿಸ್, ಬಟ್ಟೆ ಹಂಗೇ ಇದೆ!”

“ಅದಕ್ಕೇ ಬೇಯಿಸಿದ ಮೊಟ್ಟೆ ತಿಂದರೂ ಮೈಗೆ ಹತ್ತುತ್ತೆ. ಮಣಿಗಳು ಎಲ್ಲಿಗೂ ಹೋಗಿಲ್ಲ.”

ನಾನು ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿದ್ದೆ. ಆ ಕಿಟಕಿ ಹುಡುಗಿ ತಿರುಗಿ ಕೈ ಎತ್ತಿದಳು. ಇದೊಳ್ಳೆ ಹುಡುಗಿ, ಬಿಡುವುದೇ ಇಲ್ಲ ಅಂದುಕೊಂಡೆ.

“ಮಿಸ್, ಇಲ್ಲಿ ಪಾಟಿ ಸುತ್ತಿದ್ರು. ಮೈ ಒಳಗೆ ಸುತ್ತೋರು ಯಾರು?”

ಕ್ಲಾಸು ಈ ಸಲ ನಗಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. ನಿಜ ಹೇಳಬೇಕೆಂದರೆ ನನಗೂ.

“ಯಾರೂ ಇಲ್ಲ,” ಅಂದಳು ಮೊಮ್ಮಗಳು. “ಸುತ್ತಲೂ ನೀರಿರುತ್ತೆ. ಕೆಲವು ಮಣಿಗಳಿಗೆ ನೀರು ಕಂಡರೆ ಆಗಲ್ಲ, ಒಳಗೆ ಸೇರಿಕೊಳ್ತವೆ. ಕೆಲವಕ್ಕೆ ನೀರು ಇಷ್ಟ, ಹೊರಗೆ ಉಳೀತವೆ. ಹಾಗೆ ಸರ ತಾನಾಗೇ ಮಡಚಿಕೊಳ್ಳುತ್ತೆ.”

“ಎಲ್ಲಾ ಸರಾನೂ ತಾನಾಗೇನಾ ಮಿಸ್? ತಪ್ಪು ಸುತ್ಕೊಂಡ್ರೆ?”

ಮೊಮ್ಮಗಳು ಮಣಿಸರವನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಯೋಚಿಸುತ್ತಿದ್ದಳು. ಆಮೇಲೆ ನಕ್ಕಳು.

“ಅದು ನನಗೆ ಸರಿಯಾಗಿ ಗೊತ್ತಿಲ್ಲ. ಓದಿಕೊಂಡು ನಾಳೆ ಬಂದು ಹೇಳ್ತೀನಿ.”

ನಾಳೆ ಬಂದು! ಕೇಳಿಸಿತೇ ನಿಮಗೆ? ನನಗೆ ಕೇಳಿಸಿತು. ಇನ್ನು ಕ್ಲಾಸಲ್ಲಿ ನಿಲ್ಲುವುದಿಲ್ಲ ಅಂದವಳು, ಗೊತ್ತಿಲ್ಲ ಅಂತ ಮಕ್ಕಳ ಮುಂದೆಯೇ ಒಪ್ಪಿಕೊಂಡು, ನಾಳೆ ಬರುತ್ತೇನೆ ಅಂತ ಮಾತು ಕೊಟ್ಟಳು. ಗಂಟೆ ಹೊಡೆಯಿತು. ಮೇಡಂ ಮುಂದೆ ಬಂದು ಅವಳ ಬೆನ್ನು ತಟ್ಟಿ ಏನೋ ಹೇಳಿದರು. ಏನು ಅಂತ ನನಗೆ ಕೇಳಿಸಲಿಲ್ಲ, ಕೇಳಬೇಕು ಅಂತಲೂ ಅನ್ನಿಸಲಿಲ್ಲ. ನನ್ನ ಕಿವಿ ತುಂಬಿಹೋಗಿತ್ತು.

ಮನೆಗೆ ಬಂದ ಮೇಲೆ ಸೊಸೆಗೆ ಸೀರೆಯ ಕತೆ ಹೇಳಿದೆ. ಅವಳೇನು ಸೋಲುವ ಪೈಕಿಯೇ? “ನನ್ ಸೀರೆ ಬಿದ್ದಿದ್ದಕ್ಕೇ ಪಾಠ ಎದ್ದಿದ್ದು. ಇಲ್ದಿದ್ರೆ ಬರೀ ನಿಮ್ ಸರ್ಕಸ್ಸಾಗ್ತಿತ್ತು,” ಅಂದಳು. ಅದೂ ನಿಜವೇ.

ಮಾರನೇ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಮೊಮ್ಮಗಳು ತಲೆ ಬಾಚಿಕೊಳ್ಳುತ್ತಲೇ ಕೊಟ್ಟಿಗೆಗೆ ಓಡಿಬಂದಳು.

“ಸಿಕ್ತು ಅಜ್ಜಿ! ಎಷ್ಟೋ ಸರ ತಾನಾಗೇ ಮಡಚ್ಕಂತವೆ. ಆದ್ರೆ ಕೆಲವಕ್ಕೆ ಸಹಾಯಕ್ಕೆ ಅಂತಲೇ ಬೇರೆ ಪ್ರೋಟೀನುಗಳು ಅವೆ. ಅವು ತಾವು ಸುತ್ತಲ್ಲ. ದಾರಿ ತಪ್ಪದಂಗೆ, ಬೇರೆ ಸರಕ್ಕೆ ಸಿಕ್ಕಾಕ್ಕಳದಂಗೆ ನೋಡ್ಕಂಡು, ಸರಿಯಾಗಿ ಮಡಚ್ಕಂಡ್ ಮೇಲೆ ಪಕ್ಕಕ್ಕೆ ಸರ್ಕಂತವೆ.”

“ಅಂಗಾದ್ರೆ ಅದು ನಿಮ್ಮಜ್ಜಿ ತರ ಅಲ್ಲ ಬಿಡು,” ಅಂದಳು ಸೊಸೆ ಕಸಪೊರಕೆ ಹಿಡಿದುಕೊಂಡು. “ಅತ್ತೆ ಪಕ್ಕಕ್ಕೆ ಸರಿಯೋ ಪೈಕೀನೇ ಅಲ್ಲ.”

ನಾನು ಕ್ಯಾನಿನ ಮುಚ್ಚಳ ಹಾಕಿ ಎದ್ದು, “ತಡಿ ಮಗಾ, ಡೈರಿಗೆ ಆಲು ಆಕ್ಬಿಟ್ಟು ನಾನೂ ಬತ್ತೀನಿ. ಆ ಉಡ್ಗಿಗೆ ಉತ್ರ ಏಳೋದು ನಾನೂ ನೋಡ್ಬೇಕು,” ಅಂದೆ.

ಅವಳು ಜಡೆಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಳು. “ಇವತ್ತು ಬೇಡ ಅಜ್ಜಿ. ನಾನೊಬ್ಳೇ ಓಗ್ತೀನಿ,” ಅಂದಳು. ಬ್ಯಾಗು ಹೆಗಲಿಗೆ ಏರಿಸಿ, ಕೈಯಲ್ಲಿ ಅರ್ಧ ತಿಂದ ರೊಟ್ಟಿ ಹಿಡಿದುಕೊಂಡೇ, ರಸ್ತೆಯಲ್ಲಿ ನಿಂತಿದ್ದ ಶೇರ್ ಆಟೋ ಕಡೆಗೆ ಓಡಿದಳು. ತಿರುಗಿಯೂ ನೋಡಲಿಲ್ಲ, ನನ್ನ ಚಿನ್ನ.

ಆವತ್ತು ಡೈರಿ ಸಾಲಿನಲ್ಲಿ ಹಿಂದಿನವಳು, “ಏನಜ್ಜಿ, ಇವತ್ತು ಮೊಮ್ಮಗಳ ಜೊತೆ ಓಗ್ಲಿಲ್ವಾ?” ಅಂತ ಕೇಳಿದಳು. “ನಾನ್ಯಾಕೆ ಓಗ್ಲಿ? ಅವ್ಳು ಮೇಷ್ಟ್ರು,” ಅಂದೆ. ಸಾಲಿನ ಕೊನೆಯವರಿಗೂ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಅಂದೆ.